ಐದು ತಿಂಗಳ ಮಗಳ ಮುಖದ ಮೇಲೆ ಕೆಂಪು ಮಚ್ಚೆ: ಲೇಸರ್ ಈಗಲೇ ಮಾಡಿಸಬೇಕಾ, ಕಾಯಬೇಕಾ?

ಕಂಪ್ಲಿ ಕೂಸಿನ ಅವ್ವ

ಎಲ್ಲರಿಗೂ ನಮಸ್ಕಾರ. ನಮ್ಮದು ಬಳ್ಳಾರಿ ಜಿಲ್ಲೆ ಕಂಪ್ಲಿ. ಮಗಳಿಗೆ ಈಗ ಐದು ತಿಂಗಳು. ಹುಟ್ಟಿದಾಗಲೇ ಬಲಗಡೆ ಹಣೆ ಮತ್ತು ಮೇಲಿನ ರೆಪ್ಪೆ ಮೇಲೆ ಒಂದು ಕೆಂಪು ಮಚ್ಚೆ ಇತ್ತು. ಉಬ್ಬಿಲ್ಲ. ಕೈಯಾಡಿಸಿದರೆ ಉಳಿದ ಚರ್ಮದ ಹಾಗೇ ನುಣುಪು. ಅತ್ತಾಗ ಕಡುಗೆಂಪು ಆಗುತ್ತದೆ, ಮಲಗಿದಾಗ ತಿಳಿಯಾಗುತ್ತದೆ. ಬೆರಳಿಟ್ಟು ಒತ್ತಿದರೆ ಒಂದು ಕ್ಷಣ ಬೆಳ್ಳಗಾಗಿ ಮತ್ತೆ ತುಂಬಿಕೊಳ್ಳುತ್ತದೆ.

ಹೆರಿಗೆ ಆದ ಆಸ್ಪತ್ರೆಯಲ್ಲಿ "ಹೋಗುತ್ತೆ ಬಿಡಮ್ಮ" ಅಂದರು. ಹೋಗಲಿಲ್ಲ. ಕಳೆದ ವಾರ ಗಂಗಾವತಿಗೆ ಹೋಗಿ ಚರ್ಮದ ಡಾಕ್ಟರಿಗೆ ತೋರಿಸಿದೆವು. ಇದು ಪೋರ್ಟ್ ವೈನ್ ಸ್ಟೇನ್, ತಾನಾಗಿ ಹೋಗುವುದಲ್ಲ, ಲೇಸರ್ ಮಾಡಿಸಬೇಕು ಅಂದರು. ಕಣ್ಣಿನ ಡಾಕ್ಟರಿಗೂ ತೋರಿಸಿ ಅಂತ ಚೀಟಿಯಲ್ಲಿ ಬರೆದಿದ್ದಾರೆ. ಚರ್ಮದ ಮಚ್ಚೆಗೆ ಕಣ್ಣಿನ ಡಾಕ್ಟರ್ ಯಾಕೆ ಅಂತ ಕೇಳುವಷ್ಟರಲ್ಲಿ ಮುಂದಿನ ಪೇಶೆಂಟ್ ಒಳಗೆ ಬಂದಾಗಿತ್ತು.

ಮನೆಯಲ್ಲಿ ಅತ್ತೆಯವರದು ಒಂದೇ ಮಾತು: "ಗ್ರಹಣದ ದಿನ ಕುಂಕುಮದ ಭರಣಿ ಮುಟ್ಟಿದ್ದಿ, ಅದಕ್ಕ ಕೂಸಿಗೆ ಬಂದೈತಿ." ನಾನು ಏನೂ ಮುಟ್ಟಿರಲಿಲ್ಲ. ಆದರೂ ರಾತ್ರಿ ಹಾಲು ಕುಡಿಸುವಾಗ ಮತ್ತೆ ಮತ್ತೆ ಆ ದಿನವನ್ನೇ ನೆನಪು ಮಾಡಿಕೊಳ್ಳುತ್ತೇನೆ, ಮುಟ್ಟಿದ್ದೆನಾ ಅಂತ.

ಈಗ ವಾಟ್ಸಾಪಿನಲ್ಲಿ ಒಬ್ಬರು ಜಾಹೀರಾತು ಕಳಿಸಿದ್ದಾರೆ, "ಒಂದೇ ಸಿಟ್ಟಿಂಗ್‌ನಲ್ಲಿ ಯಾವುದೇ ಮಚ್ಚೆ ಮಾಯ". ನಮ್ಮವರು ರೈಸ್ ಮಿಲ್ಲಿನಲ್ಲಿ ಗುಮಾಸ್ತರು. ಒಂದೇ ಸಲಕ್ಕೆ ಮುಗಿದರೆ ಹೇಗೋ ಹೊಂದಿಸಬಹುದು ಅನ್ನುತ್ತಾರೆ. ಇಷ್ಟು ಚಿಕ್ಕ ಮಗುವಿಗೆ ಲೇಸರ್ ತಡೆಯುತ್ತಾ? ದೊಡ್ಡವಳಾದ ಮೇಲೆ ಮಾಡಿಸಿದರೆ ಆಗಲ್ವಾ? ಮಾಡಿಸಿದವರು ಯಾರಾದರೂ ಇದ್ದರೆ ಹೇಳಿ.

ಗಂಗಾವತಿ ಗೆಳೆಯ

ಅಕ್ಕಾ, ಸುಮ್ನೆ ಹೆದರಬೇಡಿ. ನಮ್ಮಕ್ಕನ ಮಗನಿಗೂ ಹಿಂಗೇ ಇತ್ತು, ಒಂದೂವರೆ ವರ್ಷಕ್ಕೆ ತಾನೇ ಹೋಯಿತು. ಲೇಸರ್ ಗೀಸರ್ ಏನೂ ಬೇಡ. ದಿನಾ ಲೋಳೆಸರ ಹಚ್ಚಿ.

ಜೀನ್ಸ್ ಬಳ್ಳಾರಿ

ಮೊದಲು ಮೇಲಿನ ತಮ್ಮನಿಗೆ ಒಂದು ಮಾತು. ನಿನ್ನ ಅಕ್ಕನ ಮಗನಿಗೆ ಇದ್ದದ್ದು ಬೇರೆ ಇರಬೇಕು. ಎಷ್ಟೋ ಕೂಸುಗಳಿಗೆ ಹುಬ್ಬಿನ ನಡುವೆ, ರೆಪ್ಪೆ ಮೇಲೆ, ಕತ್ತಿನ ಹಿಂದೆ ತಿಳಿ ಕೆಂಪು ಇರುತ್ತದೆ. ಮುಖದಲ್ಲಿ ಇರುವುದು ಒಂದೆರಡು ವರ್ಷದಲ್ಲಿ ಹೋಗುತ್ತದೆ. ಇನ್ನೊಂದು ಬಗೆ ಹುಟ್ಟಿದ ಕೆಲವು ವಾರಕ್ಕೆ ಶುರುವಾಗಿ ಕೆಂಪು ಗಂಟಾಗಿ ಉಬ್ಬುತ್ತದೆ, ತಿಂಗಳುಗಟ್ಟಲೆ ಬೆಳೆದು ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಅದು ಹೆಮಾಂಜಿಯೋಮ. ಅದಕ್ಕೆ ಈಗ ಪ್ರೊಪ್ರನೊಲಾಲ್ ಅನ್ನುವ ಹೃದಯದ ಔಷಧಿಯನ್ನೇ ಕೊಡುತ್ತಾರೆ. ಹೃದಯಕ್ಕೆ ಅಂತ ಕೊಟ್ಟ ಕೂಸಿನಲ್ಲಿ ಗಂಟು ಇಳಿದದ್ದನ್ನು ಕಂಡು ಫ್ರಾನ್ಸಿನ ಡಾಕ್ಟರುಗಳು 2008ರಲ್ಲಿ ಬರೆದರು. ಈ ತಂಗಿ ಹೇಳುತ್ತಿರುವುದು ಎರಡೂ ಅಲ್ಲ. ಡಾಕ್ಟರ್ ನೋಡಿ ಹೆಸರಿಟ್ಟ ಮೇಲೆ ಲೋಳೆಸರದ ಮಾತು ಬೇಡ.

ತಂಗಿ, ನಾನು ಡಾಕ್ಟರಲ್ಲ. ಬಳ್ಳಾರಿಯಲ್ಲಿ ಒಂದು ಜೀನ್ಸ್ ವಾಷಿಂಗ್ ಯೂನಿಟ್ಟಿನಲ್ಲಿ ಸೂಪರ್‌ವೈಸರ್. ನನ್ನ ಮಗಳಿಗೆ ಈಗ ಒಂಬತ್ತು ವರ್ಷ. ಎಡ ಕೆನ್ನೆಯಿಂದ ಕಿವಿಯವರೆಗೆ ಇದೇ ಮಚ್ಚೆ. ಹದಿನಾಲ್ಕು ಸಿಟ್ಟಿಂಗ್ ಆಗಿದೆ. ಅದರಲ್ಲಿ ಮೊದಲ ಮೂರು ದಂಡ. ಅಲ್ಲ, ದಂಡಕ್ಕಿಂತ ಕಡೆ. ಅದನ್ನೇ ಮೊದಲು ಹೇಳುತ್ತೇನೆ, ಯಾಕಂದರೆ ನೀವು ನೋಡಿದಂಥದ್ದೇ ಒಂದು ಜಾಹೀರಾತು ನೋಡಿ ಹೋದವನು ನಾನು.

ಕ್ಲಿನಿಕ್ಕಿನ ಹೆಸರು ಬೇಡ, ಊರೂ ಬೇಡ. ಒಳಗೆ ಏಸಿ, ಗೋಡೆ ತುಂಬ ಬೆಳ್ಳನೆ ಹುಡುಗಿಯರ ಫೋಟೋ. "ಎಲ್ಲಾ ಮಚ್ಚೆಗೂ ನಮ್ಮ ಮಿಷನ್ ನಡೆಯುತ್ತೆ ಸರ್" ಅಂದರು. ನನಗೆ ಆಗ ಲೇಸರ್ ಅಂದರೆ ಲೇಸರ್, ಅಷ್ಟೇ. ಒಂದು ಅಂತ ಹೇಳಿದ ಸಿಟ್ಟಿಂಗ್ ಎರಡಾಯಿತು, ಮೂರಾಯಿತು. ಮೂರನೇ ಸಲ ಕಿವಿ ಹತ್ತಿರ ಬೊಬ್ಬೆ ಎದ್ದವು. ಒಣಗಿ ಹೊಪ್ಪಳಿಕೆ ಉದುರಿದ ಮೇಲೆ ಹುಣಸೆ ಬೀಜದಷ್ಟು ಎರಡು ಬಿಳಿ ಗುರುತು ಉಳಿದವು. ಇವತ್ತಿಗೂ ಇವೆ. ಕೆಂಪು ಮಾತ್ರ ಇದ್ದ ಹಾಗೇ ಇತ್ತು. ಅದು ಕೂದಲು ತೆಗೆಯುವ ಮಿಷನ್ ಅಂತ ಗೊತ್ತಾದದ್ದು ಆಮೇಲೆ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರಮ್ಮ ಕಾಗದದ ಮೇಲೆ ಗೆರೆ ಹಾಕಿ ತಿಳಿಸಿದರು. ಈ ಮಚ್ಚೆ ಅಂದರೆ ಬಣ್ಣ ಅಲ್ಲ, ಚರ್ಮದೊಳಗೆ ಅಗಲವಾಗಿರುವ ಸಣ್ಣ ಸಣ್ಣ ರಕ್ತನಾಳ. ಅದಕ್ಕೇ ಒತ್ತಿದರೆ ಬೆಳ್ಳಗಾಗುವುದು. ರಕ್ತದ ಕೆಂಪು ಯಾವ ಬೆಳಕನ್ನು ಚೆನ್ನಾಗಿ ಹೀರುತ್ತದೋ ಆ ಬೆಳಕನ್ನೇ ಕೊಡಬೇಕು. ಅದು ಹಳದಿ ಬೆಳಕು, ಅಲೆಯ ಉದ್ದ 595 ನ್ಯಾನೋಮೀಟರ್. ಮಿಷನ್ನಿನ ಹೆಸರು ಪಲ್ಸ್ಡ್ ಡೈ ಲೇಸರ್. ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ಸೆಕೆಂಡಿನ ಸಾವಿರದ ಒಂದು ಭಾಗದ ಆಸುಪಾಸು, ಅಷ್ಟೇ ಬೆಳಕು. ನಾಳ ಕಾದು ಮುಚ್ಚಿಕೊಳ್ಳುತ್ತದೆ, ಆ ಬಿಸಿ ಪಕ್ಕಕ್ಕೆ ಹರಡುವ ಮುಂಚೆ ಬೆಳಕು ಆರಿರುತ್ತದೆ. ಈ ಲೆಕ್ಕವನ್ನು ಅಮೆರಿಕದ ಆಂಡರ್ಸನ್ ಮತ್ತು ಪ್ಯಾರಿಶ್ ಅನ್ನುವ ಇಬ್ಬರು 1983ರಲ್ಲಿ ಬರೆದಿಟ್ಟರಂತೆ.

ತೊಂದರೆ ಏನಂದರೆ ನಮ್ಮ ಚರ್ಮದ ಕಪ್ಪೂ ಆ ಬೆಳಕನ್ನು ಕುಡಿಯುತ್ತದೆ. ಬಿಳಿಯರಿಗೆ ಕೊಟ್ಟಷ್ಟು ಪವರ್ ನಮ್ಮ ಮಕ್ಕಳಿಗೆ ಕೊಟ್ಟರೆ ಮೇಲಿನ ಚರ್ಮವೇ ಸುಟ್ಟು ಕಂದು ಕಲೆಯೋ ಬಿಳಿ ಕಲೆಯೋ ಆಗುತ್ತದೆ. ಅದಕ್ಕೆ ಪ್ರತಿ ಹೊಡೆತಕ್ಕೂ ಮುಂಚೆ ತಣ್ಣನೆ ಸ್ಪ್ರೇ ಬರುತ್ತದೆ, ಪವರ್ ಕಡಿಮೆ ಇಡುತ್ತಾರೆ. ಅದಕ್ಕೇ ಸಿಟ್ಟಿಂಗ್ ಜಾಸ್ತಿ. ಇದು ನನಗೆ ಕೂಡಲೇ ಅರ್ಥವಾಯಿತು, ಯಾಕಂದರೆ ನನ್ನ ಕೆಲಸವೇ ಅದು. ಹೊಸ ಹುಡುಗರು ಬೇಗ ಫೇಡ್ ಆಗಲಿ ಅಂತ ಬ್ಲೀಚ್ ಜಾಸ್ತಿ ಸುರಿಯುತ್ತಾರೆ. ಬಣ್ಣ ಇಳಿಯುತ್ತದೆ ನಿಜ, ಆದರೆ ಮೊಣಕಾಲ ಹತ್ತಿರ ಎಳೆದರೆ ಬಟ್ಟೆ ಪರ್ ಅನ್ನುತ್ತದೆ. ಪ್ಯಾಂಟ್ ಆದರೆ ರಿಜೆಕ್ಟ್ ಗಂಟಿಗೆ ಎಸೆಯುತ್ತೇವೆ.

ಸಿಟ್ಟಿಂಗ್ ಹೇಗಿರುತ್ತದೆ ಅಂತ ಕೇಳುತ್ತೀರಿ. ಮಗುವನ್ನು ಬೆಡ್‌ಶೀಟಿನಲ್ಲಿ ಕೈ ಸೇರಿಸಿ ಬಿಗಿಯಾಗಿ ಸುತ್ತುತ್ತಾರೆ. ಕಣ್ಣಿಗೆ ಕವಚ. ನೀವು ತಲೆ ಹಿಡಿಯಬೇಕು, ನಿಮಗೂ ಕನ್ನಡಕ. ಚುಸ್ ಅಂತ ಸ್ಪ್ರೇ, ಪಟ್ ಅಂತ ಬೆಳಕು. ನಾನು ನನ್ನ ಕೈಗೆ ಒಂದು ಹೊಡೆಸಿಕೊಂಡೆ. ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ. ಮಗು ಚೀರುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಕೆಲಸ ಕೆಲವೇ ನಿಮಿಷ. ಮುಗಿದ ಮೇಲೆ ಅವ್ವನ ಎದೆಗೆ ಹಾಕಿದರೆ ಅಲ್ಲೇ ನಿದ್ದೆ. ಮರಗಟ್ಟಿಸುವ ಕ್ರೀಮ್ ಕೊಟ್ಟರೆ ಅವರು ಹೇಳಿದಷ್ಟೇ, ಹೇಳಿದಷ್ಟು ಹೊತ್ತು ಮಾತ್ರ ಹಚ್ಚಿ. ಜಾಸ್ತಿಯಾದರೆ ಚಿಕ್ಕ ಕೂಸುಗಳ ಮೈ ನೀಲಿಗಟ್ಟುವ ಅಪಾಯ ಇದೆ. ನಾವು ಶುರು ಮಾಡಿದ್ದೇ ತಡ. ಎರಡೂವರೆ ದಾಟಿದ ಮೇಲೆ ಹಿಡಿದರೆ ನಿಲ್ಲುತ್ತಿರಲಿಲ್ಲ, ಒದ್ದು ಒದ್ದು ಬಿಡಿಸಿಕೊಳ್ಳುತ್ತಿದ್ದಳು. ಅನಸ್ತೇಸಿಯಾ ಕೊಡಬಹುದು, ಆದರೆ ಮೂರು ವರ್ಷದೊಳಗಿನ ಮಕ್ಕಳಿಗೆ ಪದೇ ಪದೇ ಕೊಡುವ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಎಚ್ಚರಿಕೆ ಹೇಳಿದೆ ಅಂತ ಡಾಕ್ಟರಮ್ಮನೇ ಹೇಳಿ, ಒಂದು ವರ್ಷ ಬಿಡುವು ಕೊಟ್ಟರು. ಅದಕ್ಕೆ ಕೂಸಿನಲ್ಲೇ ಶುರು ಮಾಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಚರ್ಮ ತೆಳ್ಳಗಿರುತ್ತದೆ, ಮಚ್ಚೆ ಅಂಗೈಯಷ್ಟೂ ಇರುವುದಿಲ್ಲ, ಹಿಡಿಯಲೂ ಆಗುತ್ತದೆ. ಬಿಟ್ಟರೆ ಮಚ್ಚೆ ಮಗುವಿನ ಜೊತೆ ಬೆಳೆಯುತ್ತದೆ, ವಯಸ್ಸಾದ ಹಾಗೆ ಕಪ್ಪುಗೆಂಪಾಗಿ ದಪ್ಪವೂ ಆಗಬಹುದು.

ಒಂದು ವಿಷಯಕ್ಕೆ ಮಾತ್ರ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಹೊಡೆದ ಜಾಗದಲ್ಲೆಲ್ಲ ಗುಂಡಗೆ, ಒಂದರ ಪಕ್ಕ ಒಂದು, ನೇರಳೆ ಹಣ್ಣಿನ ಬಣ್ಣದ ಚುಕ್ಕೆ ಏಳುತ್ತವೆ. ಶಾಯಿ ಪ್ಯಾಡಿಗೆ ಬೆರಳು ಒತ್ತಿ ಕೆನ್ನೆ ತುಂಬ ಒತ್ತಿದ ಹಾಗೆ. ಒಂದರಿಂದ ಎರಡು ವಾರ ಇರುತ್ತವೆ. ಮೊದಲ ಸಲ ಅದೇ ರಾತ್ರಿ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ವಾಪಸ್ ಬರುತ್ತಿದ್ದೆವು. ಎದುರು ಸೀಟಿನ ಅಜ್ಜಿ ಮಗಳ ಕೆನ್ನೆ ನೋಡಿ, ನನ್ನ ಕೈ ನೋಡಿ, ನಮ್ಮ ಮನೆಯವಳ ಕಡೆ ಬಗ್ಗಿ ಮೆಲ್ಲಗೆ ಕೇಳಿದರು, "ಯವ್ವಾ, ಹೊಡಿತಾನೇನ?" ನಮ್ಮವಳು ನಕ್ಕುಬಿಟ್ಟಳು. ಅಜ್ಜಿಗೆ ಅನುಮಾನ ಇನ್ನೂ ಜಾಸ್ತಿಯಾಯಿತು. ಗುಂತಕಲ್ಲು ಬರುವವರೆಗೆ ನನ್ನ ಮೇಲೆ ಕಣ್ಣಿಟ್ಟೇ ಕೂತಿದ್ದರು. ರಾಯಚೂರಿಗೆ ಏಮ್ಸ್ ಬೇಕು ಅಂತ 2022ರಿಂದ ಧರಣಿ ಕೂತವರ ಸುದ್ದಿ ಓದಿದಾಗಲೆಲ್ಲ ನನಗೆ ಆ ರೈಲೇ ನೆನಪಾಗುತ್ತದೆ.

ಬಿಸಿಲು. ನಮ್ಮ ಕಡೆ ಇದೇ ದೊಡ್ಡ ಶತ್ರು. ಬಿಸಿಲಿಗೆ ಚರ್ಮ ಕಂದಿದರೆ ಆ ಕಪ್ಪೇ ಬೆಳಕನ್ನು ತಿಂದುಬಿಡುತ್ತದೆ ಅಂತ ಮಾರ್ಚ್‌ನಿಂದ ಜೂನ್ ತನಕ ನಾವು ಸಿಟ್ಟಿಂಗೇ ಇಟ್ಟುಕೊಳ್ಳುತ್ತಿರಲಿಲ್ಲ. ಮಳೆಗಾಲ, ಚಳಿಗಾಲದಲ್ಲಿ ಆರರಿಂದ ಎಂಟು ವಾರಕ್ಕೊಂದು. ಆರು ತಿಂಗಳೊಳಗಿನ ಕೂಸಿಗೆ ಸನ್‌ಸ್ಕ್ರೀನ್‌ಗಿಂತ ಕುಂಚಿಗೆ ಮತ್ತು ನೆರಳೇ ಮೇಲು.

ಖರ್ಚು: ನಮಗೆ ಸಿಟ್ಟಿಂಗಿಗೆ ಒಂಬತ್ತು ಸಾವಿರದ ಹತ್ತಿರ ಆಗುತ್ತಿತ್ತು. ರೈಲು, ಊಟ ಬೇರೆ. ಮೊದಲೇ ವಿಚಾರಿಸಿ.

ಪೂರ್ತಿ ಹೋಗುತ್ತದಾ? ನಮಗೆ ಹೋಗಿಲ್ಲ. ಬಹಳ ಜನಕ್ಕೆ ತಿಳಿಯಾಗುತ್ತದೆ, ಪೂರ್ತಿ ಹೋಗುವುದು ಕೆಲವರಿಗೆ. ನನ್ನ ಮಗಳದ್ದು ಬೀಟ್‌ರೂಟ್ ಬಣ್ಣ ಇದ್ದದ್ದು ಈಗ ಓಡಿ ಬಂದು ನಿಂತ ಮಗುವಿನ ಕೆನ್ನೆಯಷ್ಟು. ಬಿಡುವಿನ ವರ್ಷ ಸ್ವಲ್ಪ ಮತ್ತೆ ಗಾಢ ಆಗಿತ್ತು, ಹಾಗೂ ಆಗುತ್ತದೆ. ಒಂದನೇ ಕ್ಲಾಸಿನಲ್ಲಿ ಹೊಸ ಟೀಚರ್ ಒಬ್ಬರು ಹೋಳಿ ಬಣ್ಣ ಅಂದುಕೊಂಡು ಒದ್ದೆ ಕರ್ಚೀಫಿನಿಂದ ಒರೆಸಿದ್ದರು. "ಮಿಸ್, ಇದು ನಂದೇ" ಅಂದಳಂತೆ.

ಇನ್ನು ನಿಮ್ಮ ಅತ್ತೆಗೆ. 2013ರಲ್ಲೇ ಕಾರಣ ಕಂಡುಹಿಡಿದಿದ್ದಾರೆ. ಹೊಟ್ಟೆಯಲ್ಲಿ ಕೂಸು ಬೆಳೆಯುವಾಗ ಯಾವುದೋ ಒಂದು ಜೀವಕೋಶದಲ್ಲಿ ಜಿಎನ್‌ಎಕ್ಯೂ ಅನ್ನುವ ಜೀನಿನ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಅಪ್ಪ ಅವ್ವನಿಂದ ಬಂದದ್ದಲ್ಲ. ಗ್ರಹಣಕ್ಕೂ ಕುಂಕುಮಕ್ಕೂ ಸಂಬಂಧ ಇಲ್ಲ.

ರಾಯಚೂರು ಕಣ್ಣು

ಅಣ್ಣಾವರು ಲೇಸರ್ ವಿಷಯ ಚೆನ್ನಾಗಿ ಹೇಳಿದರು, ಆದರೆ ಅವರ ಮಗಳದ್ದು ಕೆನ್ನೆ. ನಿಮ್ಮ ಮಗಳದ್ದು ಹಣೆ ಮತ್ತು ಮೇಲಿನ ರೆಪ್ಪೆ. ಅದು ಬೇರೆ ಲೆಕ್ಕ. ನಾನು ರಾಯಚೂರಿನಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ, ಹದಿಮೂರು ವರ್ಷವಾಯಿತು.

ಆ ಜಾಗದ ಮಚ್ಚೆ ಇರುವ ಕೆಲವು ಮಕ್ಕಳಿಗೆ ಒಳಗೆ ಕಣ್ಣಿನಲ್ಲೂ ಮಿದುಳಿನ ಹೊದಿಕೆಯಲ್ಲೂ ಅದೇ ರೀತಿ ರಕ್ತನಾಳ ಇರುತ್ತವೆ. ಅದಕ್ಕೆ ಸ್ಟರ್ಜ್ ವೆಬರ್ ಅನ್ನುತ್ತಾರೆ. ಬಹಳಷ್ಟು ಮಕ್ಕಳಿಗೆ ಏನೂ ಇರುವುದಿಲ್ಲ, ಆದರೆ ನೋಡದೆ ಹೇಳಲು ಆಗುವುದಿಲ್ಲ. ಕಣ್ಣಿನ ಒತ್ತಡ ಏರಿದರೆ ಗ್ಲಾಕೋಮ. ಕೂಸಿನ ಕಣ್ಣಿನ ಪದರ ಮೆತ್ತಗಿರುತ್ತದೆ, ಒತ್ತಡಕ್ಕೆ ಗುಡ್ಡೆಯೇ ಹಿಗ್ಗುತ್ತದೆ. ಇಲ್ಲೇ ನಮ್ಮ ಜನ ಮೋಸ ಹೋಗುವುದು. ಒಂದು ಸಲ ಸಿಂಧನೂರು ಕಡೆಯ ಅಜ್ಜಿಯೊಬ್ಬರು ಮೊಮ್ಮಗನನ್ನು ತಂದಿದ್ದರು. ಹಣೆ ಮೇಲೆ ಕೆಂಪು ಮಚ್ಚೆ, ಕೆನ್ನೆಗೆ ದೃಷ್ಟಿಬೊಟ್ಟು. "ನೋಡ್ರಿ, ಕಣ್ಣು ಎಷ್ಟು ದೊಡ್ಡವು" ಅಂತ ಹೆಮ್ಮೆಯಿಂದ ತೋರಿಸಿದರು. ನಾನು ಎರಡೂ ಕಣ್ಣಿನ ಕರಿಗುಡ್ಡೆಗೆ ಸ್ಕೇಲ್ ಹಿಡಿದೆ. ಎಡಗಣ್ಣು ಮಾತ್ರ ದೊಡ್ಡದಿತ್ತು, ಮಚ್ಚೆ ಇದ್ದ ಕಡೆಯದ್ದು. ಆ ಅಜ್ಜಿಗೆ ಹೇಗೆ ಹೇಳುವುದು ಅಂತ ಒಂದು ನಿಮಿಷ ಸ್ಕೇಲ್ ಹಿಡಿದುಕೊಂಡೇ ನಿಂತಿದ್ದೆ.

ಆದ್ದರಿಂದ ನಾಳೆ ಬೆಳಿಗ್ಗೆ ಕೂಸನ್ನು ಕಿಟಕಿ ಹತ್ತಿರ ಹಿಡಿದು ನೋಡಿ. ಬಲಗಣ್ಣು ಎಡಗಣ್ಣಿಗಿಂತ ದೊಡ್ಡದಾಗಿದೆಯಾ? ಕಾರಣ ಇಲ್ಲದೆ ನೀರು ಸುರಿಯುತ್ತದಾ? ಬೆಳಕಿಗೆ ಮುಖ ತಿರುಗಿಸುತ್ತಾಳಾ? ಕರಿಗುಡ್ಡೆ ಮೇಲೆ ಮಂಜು ಕವಿದ ಹಾಗಿದೆಯಾ? ಏನೂ ಇಲ್ಲದಿದ್ದರೂ ಪರೀಕ್ಷೆ ಮಾಡಿಸಿ. ಒಂದು ಸಲ ಸರಿ ಇದೆ ಅಂದರೆ ಮುಗಿಯಲಿಲ್ಲ, ದೊಡ್ಡವಳಾದ ಮೇಲೂ ಬರಬಹುದು. ಮೇಲಿನ ಚರ್ಮಕ್ಕೆ ಲೇಸರ್ ಮಾಡಿದರೆ ಕಣ್ಣಿನ ಒತ್ತಡ ಇಳಿಯುವುದಿಲ್ಲ, ಅದರ ಚಿಕಿತ್ಸೆಯೇ ಬೇರೆ.

ಮಿದುಳಿನ ಹೊದಿಕೆಯಲ್ಲೂ ಆ ನಾಳ ಇದ್ದರೆ ಫಿಟ್ಸ್ ಬರಬಹುದು. ಎಡಗೈ ಎಡಗಾಲು ಮಾತ್ರ ಜಗ್ಗಿದ ಹಾಗೆ ಆದರೆ, ಅಥವಾ ಕೂಸು ಒಂದೇ ಕಡೆ ನೆಟ್ಟ ನೋಟ ನೋಡಿದರೆ, ಮೊಬೈಲಿನಲ್ಲಿ ವಿಡಿಯೋ ಮಾಡಿಕೊಂಡು ತಕ್ಷಣ ಆಸ್ಪತ್ರೆಗೆ ಓಡಿ. ಬಲಗಡೆ ಮಿದುಳು ಎಡಗಡೆ ಮೈಯನ್ನು ನಡೆಸುತ್ತದೆ, ಅದಕ್ಕೇ ಎಡ ಅಂದದ್ದು. ಎಮ್‌ಆರ್‌ಐ ಬೇಕಾ ಬೇಡವಾ ಅಂತ ಮಕ್ಕಳ ಡಾಕ್ಟರ್ ಹೇಳುತ್ತಾರೆ.

ರೆಪ್ಪೆಗೆ ಲೇಸರ್ ಮಾಡುವಾಗ ಹೊರಗಿನ ಕನ್ನಡಕ ಸಾಲದು. ಮರಗಟ್ಟಿಸುವ ಡ್ರಾಪ್ಸ್ ಹಾಕಿ ರೆಪ್ಪೆಯ ಒಳಗೆ ಲೋಹದ ಚಿಕ್ಕ ಬಟ್ಟಲಿನಂಥ ಕವಚ ಇಡುತ್ತಾರೆ. ಎಲ್ಲಿಗೆ ಹೋದರೂ ಅದು ಇದೆಯಾ ಅಂತ ಕೇಳಿ. ಏನದು ಅಂತ ತಿರುಗಿ ನಿಮ್ಮನ್ನೇ ಕೇಳಿದರೆ ಚೀಟಿ ತಗೊಂಡು ಎದ್ದು ಬನ್ನಿ.

ಕುಷ್ಟಗಿ ಹುಡುಗಿ

ನನಗೆ 21 ವರ್ಷ. ನನ್ನದು ಕೆಂಪಲ್ಲ, ನೀಲಿ. ನೀವಸ್ ಆಫ್ ಓಟಾ. ಓಟಾ ಅನ್ನುವ ಜಪಾನಿನ ಡಾಕ್ಟರ್ 1939ರಲ್ಲಿ ಬರೆದದ್ದರಿಂದ ಆ ಹೆಸರು. ಎಂಟನೇ ಕ್ಲಾಸಿನಲ್ಲಿ ಕಣ್ಣಿನ ಕೆಳಗೆ ಕಾಡಿಗೆ ಹರಡಿದ ಹಾಗೆ ಶುರುವಾಯಿತು, ಆಮೇಲೆ ಕೆನ್ನೆಗೆ ಇಳಿಯಿತು. ಕಣ್ಣಿನ ಬಿಳಿಯಲ್ಲೂ ಸ್ಲೇಟು ಬಣ್ಣದ ಮಚ್ಚೆ ಇದೆ.

ಜೀನ್ಸ್ ಅಣ್ಣ ಹೇಳಿದ್ದಕ್ಕೆ ಇದನ್ನು ಸೇರಿಸುತ್ತೇನೆ. ನನ್ನದು ರಕ್ತನಾಳ ಅಲ್ಲ, ಚರ್ಮದ ಆಳದಲ್ಲಿ ಸಿಕ್ಕಿಕೊಂಡ ಕಪ್ಪು ಬಣ್ಣ. ಆಳದ್ದು ನೀಲಿಯಾಗಿ ಕಾಣುತ್ತದೆ. ಅದಕ್ಕೆ 1064 ನ್ಯಾನೋಮೀಟರಿನ ಕ್ಯೂ ಸ್ವಿಚ್ಡ್ ಲೇಸರ್. ಅದರ ಹೊಡೆತ ಇನ್ನೂ ಎಷ್ಟೋ ಚಿಕ್ಕದು, ಬಣ್ಣದ ಕಣವನ್ನು ಒಡೆದು ಪುಡಿ ಮಾಡುತ್ತದೆ, ಪುಡಿಯನ್ನು ಮೈಯೇ ತಿಂಗಳುಗಟ್ಟಲೆ ತಗೊಂಡು ಒಯ್ಯುತ್ತದೆ. ಟಕ್ ಟಕ್ ಅನ್ನುವ ಸದ್ದು, ಕೂದಲು ಸುಟ್ಟ ವಾಸನೆ. ಹೊಡೆದ ಜಾಗ ಒಂದು ಕ್ಷಣ ಉಪ್ಪು ಕಟ್ಟಿದ ಹಾಗೆ ಬೆಳ್ಳಗಾಗುತ್ತದೆ. ಮೂರು ತಿಂಗಳಿಗೊಂದರಂತೆ ಐದು ಆಗಿದೆ, ಅರ್ಧಕ್ಕಿಂತ ಜಾಸ್ತಿ ತಿಳಿಯಾಗಿದೆ. ಕಣ್ಣಿನ ಬಿಳಿಗೆ ಲೇಸರ್ ಮಾಡುವುದಿಲ್ಲ, ಅದು ಹಾಗೇ ಇರುತ್ತದೆ. ನಾನೂ ವರ್ಷಕ್ಕೊಮ್ಮೆ ಕಣ್ಣಿನ ಒತ್ತಡ ನೋಡಿಸುತ್ತೇನೆ.

ಎಲ್ಲಾ ಮಚ್ಚೆಗೂ ಒಂದೇ ಮಿಷನ್ ಅನ್ನುವವರನ್ನು ನಂಬಬೇಡಿ. ನನ್ನ ಮಿಷನ್ ಆ ಕೂಸಿಗೆ ಆಗುವುದಿಲ್ಲ, ಆ ಕೂಸಿನದ್ದು ನನಗೆ ಆಗುವುದಿಲ್ಲ.

ಇನ್ನೊಂದು, ಯಾರೂ ಕೇಳದಿದ್ದರೂ ಹೇಳುತ್ತೇನೆ. ನಮ್ಮಮ್ಮ ನನ್ನ ಫೋಟೋ ಎಲ್ಲವನ್ನೂ ಎಡಗಡೆಯಿಂದ ತೆಗೆಸಿದ್ದಾರೆ. ಅಕ್ಕಾ, ಕೂಸಿನ ಫೋಟೋ ಎರಡೂ ಕಡೆಯಿಂದ ತೆಗೀರಿ. ಡಾಕ್ಟರಿಗೆ ಹೋಲಿಸಲೂ ಬೇಕಾಗುತ್ತದೆ.

ಕಂಪ್ಲಿ ಕೂಸಿನ ಅವ್ವ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ. ಅಕ್ಕಾವರು ಹೇಳಿದ ಹಾಗೆ ಕಿಟಕಿ ಹತ್ತಿರ ಹಿಡಿದು ನೋಡಿದೆ. ನೋಡಿ ನೋಡಿ ನನ್ನ ಕಣ್ಣಿಗೇ ಒಮ್ಮೆ ಬಲಗಣ್ಣು ದೊಡ್ಡದು, ಒಮ್ಮೆ ಎಡಗಣ್ಣು ದೊಡ್ಡದು ಅನ್ನಿಸತೊಡಗಿತು. ಮಂಗಳವಾರ ಬಳ್ಳಾರಿಗೆ ಹೋಗಿ ತೋರಿಸಿದೆವು. ಹಾಲು ಕುಡಿಯುತ್ತಿರುವಾಗಲೇ ಕೈಯಲ್ಲಿ ಹಿಡಿಯುವ ಒಂದು ಉಪಕರಣ ಮುಟ್ಟಿಸಿ ಒತ್ತಡ ನೋಡಿದರು. ಅವಳಿಗೆ ಗೊತ್ತೇ ಆಗಲಿಲ್ಲ. ಸದ್ಯಕ್ಕೆ ಎರಡೂ ಕಣ್ಣು ಸರಿ ಇವೆ, ಮೂರು ತಿಂಗಳಿಗೆ ಮತ್ತೆ ಬನ್ನಿ ಅಂದರು. ಮಕ್ಕಳ ಡಾಕ್ಟರ್ ಎಮ್‌ಆರ್‌ಐಗೆ ಬರೆದಿದ್ದಾರೆ, ಇನ್ನೂ ದಿನ ಕೊಟ್ಟಿಲ್ಲ.

ಒಂದೇ ಸಿಟ್ಟಿಂಗಿನವರಿಗೆ ಫೋನ್ ಮಾಡಿ ರೆಪ್ಪೆ ಒಳಗೆ ಇಡುವ ಕವಚ ಇದೆಯಾ ಅಂತ ಕೇಳಿದೆ. "ಕಣ್ಣು ಮುಚ್ಚಿಸಿದರೆ ಸಾಕು ಮೇಡಂ" ಅಂದರು. ಫೋನ್ ಇಟ್ಟೆ.

ಅತ್ತೆಗೆ 2013ರ ವಿಷಯ ಓದಿ ಹೇಳಿದೆ. ಸುಮ್ಮನೆ ಕೇಳಿ, "ಒಂದು ಅಕ್ಷರ ತಪ್ಪಿದ್ದಕ್ಕ ಇಷ್ಟೇನು" ಅಂದರು. ಕುಂಕುಮದ ಮಾತು ಎರಡು ದಿನದಿಂದ ಇಲ್ಲ. ನೋಡೋಣ.

ಅಣ್ಣಾ, ಬೆಂಗಳೂರಿಗೆ ಹೊರಡುವುದು ಅಂತ ಆಗಿದೆ. ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್ಸಿಗೆ ಕೂಸಿನ ಜೊತೆ ಯಾವ ಬರ್ತ್ ತಗೊಳ್ಳಲಿ?

ಜೀನ್ಸ್ ಬಳ್ಳಾರಿ

ಕೆಳಗಿನ ಬರ್ತ್, ಬೋಗಿಯ ನಡುವಿನದ್ದು. ಬಾಗಿಲ ಹತ್ತಿರ ಬೇಡ, ರಾತ್ರಿಯೆಲ್ಲ ಓಡಾಟ. ರಿಸರ್ವೇಷನ್ ಈಗ 60 ದಿನ ಮುಂಚೆ ಮಾತ್ರ ಸಿಗುತ್ತದೆ, ಸಿಟ್ಟಿಂಗ್ ದಿನ ಸಿಕ್ಕ ಕೂಡಲೇ ಹೋಗುವುದಕ್ಕೂ ಬರುವುದಕ್ಕೂ ಒಟ್ಟಿಗೆ ಮಾಡಿಸಿಬಿಡಿ. ಬರುವಾಗ ಯಾವುದಾದರೂ ಅಜ್ಜಿ ಎದುರು ಕೂತರೆ ಮೊದಲೇ ಲೇಸರ್ ವಿಷಯ ಹೇಳಿಬಿಡಿ, ನಿಮ್ಮವರಾದರೂ ನೆಮ್ಮದಿಯಾಗಿ ನಿದ್ದೆ ಮಾಡಲಿ.